ಮಾತಿನಿಂದ ಕೈಗೆ

ಇಂಗ್ಲಿಷಿನಲ್ಲಿ ‘ಕಮ್ ಟು ಬ್ಲೋಸ್’ ಎಂಬುದೊಂದು ನುಡಿಗಟ್ಟುಂಟು. ವಾದಿಸುತ್ತಿದ್ದವರು ಹೊಡೆತಗಳಿಗೆ ‘ಬಂದರು’ ಎಂದು ಅದರ ಅಕ್ಷರಾರ್ಥ. ದಾರಿ ನಡೆದವರು ಊರನ್ನು ಸೇರಿದಂತೆ ಅವರು ಹೊಡೆತವನ್ನು ಸೇರಿದರು. ಮೊದಲು ಕೈಯೆತ್ತಿದವರು ಯಾರೆಂಬುದನ್ನು ಮಾತ್ರ ಆ ನುಡಿಯು ಹೇಳುವುದಿಲ್ಲ. ‘ಕಠಾರಿಯನ್ನು ಹಿರಿದು ನಿಂತರು’ ಎಂಬ ಇನ್ನೊಂದು ಮಾತೂ ಆ ಭಾಷೆಯಲ್ಲುಂಟು. ನಾವು ಕನ್ನಡಿಗರು ಹಿರಿಯುವುದಿಲ್ಲ, ಕತ್ತಿಯನ್ನು ಮಸೆಯುತ್ತ ಕುಳಿತಿರುತ್ತೇವೆ.

ಬೆಳಗಾವಿಯ ತರಗತಿಯೊಂದರಲ್ಲಿ ಮೊದಲನೆಯ ನುಡಿಯನ್ನು ಮನೆಮಾತಿಗೆ ತಿರುಗಿಸಿರೆಂದೆವು. ನಗರದ ಕನ್ನಡ ಹುಡುಗನೊಬ್ಬನು ‘ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿದರು’ ಎಂದು ಬರೆದನು. ಖಾನಾಪುರದಿಂದ ದಿನವೂ ಬರುತ್ತಿದ್ದ ಮರಾಠಿ ಮನೆಮಾತಿನವನು ‘ಶಬ್ದಾನೇ ಶಬ್ದ ವಾಢಲಾ, ಹಾತಘಾಈವರ ಆಲೇ’ ಎಂದು ಬರೆದನು. ಎರಡರ ಪೂರ್ವಾರ್ಧವೂ ಒಂದೇ: ಮಾತಿನಿಂದ ಮಾತು ಬೆಳೆಯಿತು. ಬಿತ್ತಿದವನ ಹೆಸರು ಇಲ್ಲಿಯೂ ಇಲ್ಲ. ಉತ್ತರಾರ್ಧದಲ್ಲಿ ಮಾತ್ರ ದಾರಿಗಳು ಅಗಲುವುವು. ಮರಾಠಿಯ ‘ಘಾಈ’ ಎಂದರೆ ಆತುರ. ಹೊಡೆದಾಟವೆಂಬುದು ಅವರಿಗೆ ಕೈಯ ಆತುರ. ನಮ್ಮ ‘ಮಿಲಾಯಿಸು’ ಹಿಂದೀ ನುಡಿಯ ಬಳಗದ್ದು. ಅಲ್ಲಿ ಕೈ ಮಿಲಾಯಿಸುವುದೆಂದರೆ ಸ್ನೇಹದಿಂದ ಕೈಕುಲುಕುವುದು! ಕನ್ನಡಕ್ಕೆ ಬಂದ ಮೇಲೆ ಅದು ಜಗಳವಾಯಿತು.

ಈ ಎರಡು ಊರುಗಳಲ್ಲಿ ಇದು ಬರಿಯ ಭಾಷಾಂತರದ ಮಾತಲ್ಲ. 1956ರ ಪುನರ್ವಿಂಗಡಣೆಯಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದುವು. 1967ರಲ್ಲಿ ಮಹಾಜನ ಆಯೋಗವು, ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಲಿ, ಖಾನಾಪುರವೂ ಸೇರಿದಂತೆ 264 ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಮಹಾರಾಷ್ಟ್ರವು ಒಪ್ಪಲಿಲ್ಲ, 2004ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನ್ಯಾಯಾಲಯದಲ್ಲಿ ಮಾತಿಗೆ ಮಾತು ಬೆಳೆಯುವುದು ಯುಕ್ತವೇ. ಅದಕ್ಕಾಗಿಯೇ ಅದು ಇರುವುದು. ಬೀದಿಯ ಕಥೆ ಬೇರೆ. 2022ರ ಡಿಸೆಂಬರಿನಲ್ಲಿ ಬೆಳಗಾವಿಗೆ ಸಮೀಪದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಿತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನೋಡಿ, ನಮ್ಮವರ ಸರದಿ ಬಂದಾಗ ನಾವೂ ‘ಕಲ್ಲು ಬಿದ್ದಿತು’ ಎಂದೆವು. ಮರದಿಂದ ಮಾವಿನಕಾಯಿ ಬಿದ್ದಂತೆ. ಅವರ ಸರದಿಯಲ್ಲಿ ‘ಬಳಿದರು’ ಎಂದೆವು. ವ್ಯಾಕರಣವು ಎಷ್ಟು ಬೇಗ ಪಕ್ಷವನ್ನು ಹಿಡಿಯುತ್ತದೆ!

ಮರುದಿನ ತರಗತಿಯಲ್ಲಿ ಆ ಇಬ್ಬರಿಗೂ, ಕರ್ತೃಪದವಿಟ್ಟು ಅದೇ ವಾಕ್ಯವನ್ನು ಮತ್ತೆ ಬರೆಯಿರೆಂದೆವು. ಒಂದೇ ಬೆಂಚಿನಲ್ಲಿ ಕುಳಿತು, ಒಬ್ಬರ ಪುಸ್ತಕವನ್ನೊಬ್ಬರು ನೋಡದೆ, ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ‘ಅವನು ಮೊದಲು ಹೊಡೆದನು’ ಎಂದೇ ಬರೆದು ತಂದರು.