ಮಣ್ಣಿನಂತೆ ಮೈಯನ್ನೂ ಪರೀಕ್ಷೆ ಮಾಡಿಸಿ
(ಸರಗೂರಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತು ಬಿಟ್ಟು ಇಂದು ಹೃದಯದ ಮಾತು ಆಡಲು ನಿಂತಿದ್ದೇನೆ. ನಾನು ವೈದ್ಯನಲ್ಲ, ಬೇಸಾಯ ಕಲಿತವನು. ಆದರೂ ಹೇಳಲು ಕಾರಣವಿದೆ.

ನನ್ನ ಸೋದರಮಾವನವರಿಗೆ 48 ವರ್ಷ. ಗೇದ ಮೈ, ಕಾಯಿಲೆಯೆಂದು ಮಲಗಿದವರಲ್ಲ. ಒಂದು ರಾತ್ರಿ ಎದೆ ಹಿಡಿದು ಮೈ ಬೆವರಿತು. ಗ್ಯಾಸು ಎಂದುಕೊಂಡು ಸೋಡಾ ಕುಡಿದು ಬೆಳಗಿನವರೆಗೆ ಕುಳಿತರು. ಆಸ್ಪತ್ರೆ ಸೇರುವ ವೇಳೆಗೆ ಹೃದಯದ ಒಂದು ಭಾಗ ಸತ್ತಿತ್ತು. ರಕ್ತದಲ್ಲಿ ಸಕ್ಕರೆ, ಕೊಬ್ಬು, ಜೊತೆಗೆ ರಕ್ತದ ಒತ್ತಡ ಮೂರೂ ಹೆಚ್ಚಿದ್ದುದು ಅಲ್ಲಿಯೇ ಮೊದಲು ತಿಳಿಯಿತು. ವರ್ಷಗಳಿಂದಲೂ ಇದ್ದಿರಬೇಕೆಂದರು ವೈದ್ಯರು. ಮಾವನವರು ಬದುಕಿದ್ದಾರೆ, ಆದರೆ ಹೊಲದ ಬದುವಿನವರೆಗೆ ನಡೆದರೆ ಏದುಸಿರು.

ಪೈರು ಒಂದು ದಿನದಲ್ಲಿ ಬಾಡಿದಂತೆ ಕಾಣುತ್ತದೆ. ಕೊರತೆ ಬಿತ್ತನೆಗೆ ಮೊದಲೇ ಮಣ್ಣಿನಲ್ಲಿರುತ್ತದೆ. ಹೃದಯಾಘಾತವೂ ಹಾಗೆಯೇ. ನಾಲೆಯಲ್ಲಿ ಹೂಳು ತುಂಬಿದಂತೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕೂಡುತ್ತದೆ. ಹೆಚ್ಚಿದ ಒತ್ತಡ, ಸಕ್ಕರೆ, ಹೊಗೆಸೊಪ್ಪು ಗೋಡೆಯನ್ನು ಕೆಡಿಸುತ್ತವೆ. ಆ ಕೊಬ್ಬು ಒಡೆದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇವುಗಳಲ್ಲಿ ಯಾವುದೂ ಮೊದಲು ನೋಯುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಮ್ಮ ಭಾಗದ ಜನರಿಗೆ ಮೊದಲ ಹೃದಯಾಘಾತ ಇತರರಿಗಿಂತ ಸುಮಾರು 6 ವರ್ಷ ಮೊದಲೇ ಬರುವುದೆಂದು ಕಂಡುಬಂತು. ಆದುದರಿಂದ 30 ದಾಟಿದವರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಈ ಅಂಕಿಗಳನ್ನು ನೆನಪಿಡಿ: ರಕ್ತದ ಒತ್ತಡ 140/90 ಮುಟ್ಟಬಾರದು. ಬರಿ ಹೊಟ್ಟೆಯ ಸಕ್ಕರೆ 100ರ ಒಳಗಿರಲಿ. 126 ಮುಟ್ಟಿದರೆ ಸಕ್ಕರೆ ಕಾಯಿಲೆಯೆಂದು ತಿಳಿಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರದಿರಲಿ.

ನಮ್ಮ ಸೀಮೆ ಹೊಗೆಸೊಪ್ಪು ಬೆಳೆಯುವ ಸೀಮೆ. ಬೆಳೆದು ಮಾರುವುದು ಬೇರೆ, ಬೀಡಿ ಸೇದುವುದೂ ಸೊಪ್ಪು ಅಗಿಯುವುದೂ ಬೇರೆ. ಇವೆರಡನ್ನೂ ಬಿಡಿ. ಉಪ್ಪು ದಿನಕ್ಕೆ ಒಂದು ಚಹಾ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಅನ್ನ, ಮುದ್ದೆ ಕೊಂಚ ತಗ್ಗಿಸಿ, ಸೊಪ್ಪು, ಕಾಳು, ತರಕಾರಿ ಹೆಚ್ಚಿಸಿ. ವೈದ್ಯರು ಕೊಟ್ಟ ಮಾತ್ರೆಯನ್ನು, ಮೈ ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸಬೇಡಿ.

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ಬೆವರಿದರೆ, ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಿಗೆ ನೋವು ತಿಳಿಯದೆ ಬರಿಯ ಏದುಸಿರು, ಸುಸ್ತು ಮಾತ್ರ ಕಾಣಬಹುದು. 2021ರಲ್ಲಿ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯಜ್ಯೋತಿ ಯೋಜನೆ ಆರಂಭಿಸಿತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವುದೇ ಅದರ ಗುರಿ. ಆದರೆ ಆ ಮದ್ದು ಮೊದಲ ಗಂಟೆಗಳಲ್ಲಿ ಮಾಡುವ ಕೆಲಸ ಬೆಳಗಾದ ಮೇಲೆ ಮಾಡಲಾರದು.

ಮಣ್ಣನ್ನು ಚೀಲದಲ್ಲಿ ತುಂಬಿ ಪರೀಕ್ಷೆಗೆ ಕಳಿಸುವ ನಾವು, ಬೆರಳ ತುದಿಯ ಒಂದು ಹನಿ ರಕ್ತಕ್ಕೆ ಹಿಂಜರಿಯಬಾರದು. ಮುಂದಿನ ಸಂತೆಯ ದಿನ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ತಾವೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ.