ಸುಗ್ಗಿಯ ಹಿಂದಿನ ಕೈಗಳು

1960ರ ನವೆಂಬರ್ 25ರಂದು ಅಮೆರಿಕದ ಸಿಬಿಎಸ್ ಟೆಲಿವಿಷನ್ ಜಾಲ ‘ಹಾರ್ವೆಸ್ಟ್ ಆಫ್ ಶೇಮ್’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಅದರ ಹಿಂದಿನ ದಿನವಷ್ಟೇ ಥ್ಯಾಂಕ್ಸ್‌ಗಿವಿಂಗ್. ಸುಗ್ಗಿಗೆ ಕೃತಜ್ಞತೆ ಹೇಳಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ ಅದು. ಆ ಊಟದ ಕಾಯಿಪಲ್ಲೆ, ಹಣ್ಣುಗಳನ್ನು ಬಿಡಿಸಿದ ಕೈಗಳು ಯಾರವು ಎಂಬುದೇ ಚಿತ್ರದ ವಸ್ತು.

ಡೇವಿಡ್ ಲೋ ನಿರ್ಮಿಸಿದ ಈ ಚಿತ್ರದ ನಿರೂಪಕ ಪತ್ರಕರ್ತ ಎಡ್ವರ್ಡ್ ಮರೋ. ಚಳಿಗಾಲದಲ್ಲಿ ಫ್ಲಾರಿಡಾದಲ್ಲಿ ಬೀನ್ಸ್ ಬಿಡಿಸುವ ಕೂಲಿಕಾರರು ಬಿಸಿಲು ಏರಿದಂತೆ ಬೆಳೆಯ ಬೆನ್ನು ಹಿಡಿದು ಉತ್ತರದ ರಾಜ್ಯಗಳತ್ತ ಗುಳೆ ಹೋಗುತ್ತಿದ್ದರು. ಕ್ಯಾಮೆರಾ ಅವರ ಜೊತೆಗೇ ಸಾಗಿತು. ನಸುಕಿನಲ್ಲೇ ಕೂಗಿ ಆಳು ಕೂಡಿಸುವ ಮೇಸ್ತ್ರಿಗಳು, ಇಕ್ಕಟ್ಟಿನ ಬಿಡಾರಗಳು, ಓದು ತಪ್ಪಿದ ಮಕ್ಕಳು, ದಿನವಿಡೀ ದುಡಿದು ಒಂದು ಡಾಲರ್ ಗಳಿಸಿದ ತಾಯಿ, ಎಲ್ಲವೂ ತೆರೆಗೆ ಬಂದವು. ಜಮೀನು ಮಾಲೀಕರ ಮಾತಿಗೂ ಅಲ್ಲಿ ಜಾಗವಿತ್ತು.

ಈ ಬವಣೆಗೆ ಕಾನೂನಿನ ಬೇರೂ ಇತ್ತು. 1938ರ ಕನಿಷ್ಠ ವೇತನ ಕಾಯ್ದೆ ಹೊಲದ ಕೆಲಸಗಾರರನ್ನು ಹೊರಗಿಟ್ಟಿತ್ತು.

1961ರಲ್ಲಿ ಮರೋ ಸರ್ಕಾರದ ವಿದೇಶ ಪ್ರಚಾರ ಸಂಸ್ಥೆಯ ಮುಖ್ಯಸ್ಥರಾದರು. ತಾವೇ ನಿರೂಪಿಸಿದ ಚಿತ್ರವನ್ನು ಬ್ರಿಟನ್ನಿನ ಬಿಬಿಸಿ ತೋರಿಸದಂತೆ ತಡೆಯಲು ಯತ್ನಿಸಿದರು, ಅದು ಫಲಿಸಲಿಲ್ಲ. ಕಂಡದ್ದನ್ನು ಹೇಳುವ ಪತ್ರಕರ್ತನ ಕೆಲಸಕ್ಕೂ ದೇಶದ ಮಾನ ಕಾಯುವ ಅಧಿಕಾರಿಯ ಕೆಲಸಕ್ಕೂ ಇರುವ ಅಂತರ ಒಬ್ಬನೇ ವ್ಯಕ್ತಿಯಲ್ಲಿ ಎದ್ದು ಕಂಡಿತು.

ಇತ್ತ ಕಾನೂನೂ ಬದಲಾಗತೊಡಗಿತು. 1962ರಲ್ಲಿ ವಲಸೆ ಕೂಲಿಕಾರರ ಆರೋಗ್ಯ ಕಾಯ್ದೆ ಬಂತು. 1938ರ ಕಾಯ್ದೆಗೆ 1966ರಲ್ಲಿ ಆದ ತಿದ್ದುಪಡಿ ದೊಡ್ಡ ಜಮೀನುಗಳ ಕೂಲಿಕಾರರಿಗೆ ಕನಿಷ್ಠ ವೇತನವನ್ನು ವಿಸ್ತರಿಸಿತು.