ಮಾಟ್ಲಿ ಎಂಬ ಬಟ್ಟೆ

ಒಂದಕ್ಕೊಂದು ತಾಳಮೇಳವಿಲ್ಲದ ಪಕ್ಷಗಳು ಸೇರಿ ಕೂಟ ಕಟ್ಟಿದರೆ ಇಂಗ್ಲಿಷ್ ಪತ್ರಿಕೆಗಳು ‘ಮಾಟ್ಲಿ’ ಗುಂಪು ಎಂದು ಹಂಗಿಸುವುದುಂಟು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂಥ ಜನ ಅಂತ. ಈ ಬೈಗುಳದ ಮೂಲ ಹುಡುಕಿ ಹೊರಟರೆ ಸಿಗುವುದು ಒಂದು ಬಟ್ಟೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಣ್ಣಬಣ್ಣದ ನೂಲು ಬೆರೆಸಿ ನೇಯ್ದ ಉಣ್ಣೆಬಟ್ಟೆಗೆ ಮಾಟ್ಲಿ ಎನ್ನುತ್ತಿದ್ದರು. ಕಣ, ಚುಕ್ಕೆ ಎಂಬರ್ಥದ ‘ಮೋಟ್’ನಿಂದ ಈ ಹೆಸರು ಬಂದಿರಬೇಕು. ಅದನ್ನು ಉಡುವುದು ಅವಮಾನವೇನೂ ಆಗಿರಲಿಲ್ಲ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ನ ವರ್ತಕ ತೊಟ್ಟಿರುವುದು ಮಾಟ್ಲಿಯನ್ನೇ. ಕವಲೊಡೆದ ಗಡ್ಡ, ಫ್ಲ್ಯಾಂಡರ್ಸಿನ ಬೀವರ್ ತುಪ್ಪಳದ ಟೋಪಿ, ಕುದುರೆಯ ಮೇಲೆ ಎತ್ತರಕ್ಕೆ ಕೂತ ಭಂಗಿ. ಆಸಾಮಿ ಸಾಲದಲ್ಲಿದ್ದ, ಅದು ಬೇರೆ ಮಾತು. ಆದರೆ ಆ ಠೀವಿ ನೋಡಿದವರಿಗೆ ಸಾಲದ ಸುಳಿವೂ ಸಿಗುತ್ತಿರಲಿಲ್ಲ.

ಬರಬರುತ್ತಾ ಮಾಟ್ಲಿ ವಿದೂಷಕನ ಉಡುಪಾಯಿತು. ಷೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಜೇಕ್ವಿಸ್ ಕಾಡಿನಲ್ಲಿ ಒಬ್ಬ ವಿದೂಷಕನನ್ನು ಕಂಡು ತನಗೂ ಅಂಥದೇ ಅಂಗಿ ಬೇಕೆನ್ನುತ್ತಾನೆ. ಅದನ್ನು ತೊಟ್ಟವನು ಯಾರಿಗೆ ಏನಾದರೂ ಅನ್ನಬಹುದಲ್ಲ! ಚಿತ್ರಗಳಲ್ಲಿ ಈ ಅಂಗಿ ನಮ್ಮ ಕೌದಿಯ ಹಾಗೆ ತುಂಡು ತುಂಡು ಕೂಡಿಸಿ ಹೊಲಿದಂತೆ ಕಾಣುತ್ತದೆ. ಲೆಸ್ಲಿ ಹಾಟ್ಸನ್ ಎಂಬ ವಿದ್ವಾಂಸ 1952ರಲ್ಲಿ ಇದನ್ನು ಒಪ್ಪಲಿಲ್ಲ. ಅದು ತೇಪೆಯ ಅಂಗಿಯಲ್ಲ, ಮಿಶ್ರ ನೂಲಿನಲ್ಲೇ ನೇಯ್ದ ನಿಲುವಂಗಿ ಎಂದ. ನನಗೆ ಈ ವಾದ ಹಿಡಿಸುತ್ತದೆ. ತೇಪೆಯಾದರೆ ದಾರ ಬಿಚ್ಚಿ ಬೇರೆ ಮಾಡಬಹುದು. ಹಾಸುಹೊಕ್ಕಿನಲ್ಲೇ ಬಣ್ಣ ಬೆರೆತಿದ್ದರೆ ಒಂದೊಂದನ್ನೇ ಆರಿಸಿ ತೆಗೆಯುವುದು ಹೇಗೆ?

ವಿದೂಷಕನಿಂದ ಈ ಮಾತು ಬಡವರ ಗುಂಪಿಗೆ ಬಂತು. 1770ರ ಮಾರ್ಚ್ 5ರ ರಾತ್ರಿ ಅಮೆರಿಕದ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು, ಐವರು ಸತ್ತರು. ಸೈನಿಕರ ಪರ ವಕಾಲತ್ತು ವಹಿಸಿದವರು ಜಾನ್ ಆ್ಯಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದವರು. ಪುಂಡ ಹುಡುಗರು, ಕಪ್ಪು ಜನ, ಐರಿಷರು, ನಾವಿಕರು ಕಲೆತ ಮಾಟ್ಲಿ ಮಂದಿ ಅದು ಎಂದು ಅವರು ವಾದಿಸಿದರು. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು.

ಸತ್ತವರು ಯಾರು ನೋಡಿ. ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ನಾವಿಕ ಕ್ರಿಸ್ಪಸ್ ಆಟಕ್ಸ್, ಹಗ್ಗ ಹೊಸೆಯುವ ಸ್ಯಾಮ್ಯುಯಲ್ ಗ್ರೇ, ಹಡಗಿನ ಕೆಲಸದ ಜೇಮ್ಸ್ ಕಾಲ್ಡ್‌ವೆಲ್, ಐರ್ಲೆಂಡಿನಿಂದ ಬಂದ ಚರ್ಮದ ಕೆಲಸಗಾರ ಪ್ಯಾಟ್ರಿಕ್ ಕಾರ್, ಇನ್ನೂ ಕಸುಬು ಕಲಿಯುತ್ತಿದ್ದ ಹದಿನೇಳರ ಸ್ಯಾಮ್ಯುಯಲ್ ಮೇವರಿಕ್. ಬಣ್ಣ ಬೇರೆ, ಊರು ಬೇರೆ, ನಿಜ. ಆದರೆ ಎಲ್ಲರದೂ ಬಂದರು ಪಟ್ಟಣದಲ್ಲಿ ರಟ್ಟೆ ಮುರಿದು ದುಡಿಯುವ ಬದುಕು. ಅದೇ ಪಟ್ಟಣದಲ್ಲಿ ಸೈನಿಕರು ಬಿಡುವಿನ ವೇಳೆ ಕಡಿಮೆ ಕೂಲಿಗೆ ದುಡಿದು ಇಂಥವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದರು. ಗುಂಡು ಹಾರುವ ಮೂರು ದಿನ ಮೊದಲು ಹಗ್ಗದ ಕಾರ್ಖಾನೆಯಲ್ಲಿ ಕೆಲಸ ಕೇಳಿ ಬಂದ ಸೈನಿಕನ ನೆಪದಲ್ಲಿ ದೊಡ್ಡ ಹೊಡೆದಾಟವೇ ನಡೆದಿತ್ತು. ಅದರಲ್ಲಿ ಸ್ಯಾಮ್ಯುಯಲ್ ಗ್ರೇ ಕೂಡ ಇದ್ದ.